ಹದಿನಾಲ್ಕನೆಯ ಹಾಡು

ಜೋಜಪ್ಪನದೊಡ್ಡಿ, ಕನಕಪುರ ತಾಲ್ಲೂಕು
೯ ಜನವರಿ ೨೦೨೫

ಪ್ರೀತಿಯ ಸಿಸ್ಟರ್ ಮದಲೇನ,

ಸರ್ವೇಶ್ವರನಿಗೆ ಸ್ತೋತ್ರ. ಕ್ರಿಸ್ಮಸ್ಸಿಗೆ ನೀನು ಕಳಿಸಿದ ಕಾರ್ಡು ತಲುಪಿತು. ನಿನ್ನನ್ನು ಬಹುವಚನದಲ್ಲಿ ಕರೆಯಬೇಕೆಂದು ನಿಮ್ಮಪ್ಪ ಚಿನ್ನಪ್ಪ ಸಿಕ್ಕಾಗಲೆಲ್ಲ ಹೇಳುತ್ತಾನೆ. ಎಂಟನೇ ಕ್ಲಾಸಿನಲ್ಲಿ ಸಂಧಿ ಬಿಡಿಸಲು ಬಾರದೆ ನನ್ನ ಕೈಲಿ ಕಿವಿ ಹಿಂಡಿಸಿಕೊಂಡವಳನ್ನು 'ನೀವು' ಎನ್ನಲು ಪೆನ್ನು ಒಪ್ಪುವುದಿಲ್ಲ. ಕ್ಷಮಿಸು. ನಿಮ್ಮ ಮಠದಲ್ಲಿ ಹೊರಗೆ ಬರುವಂತಿಲ್ಲ, ಫೋನಿಲ್ಲ, ಕಾಗದವೊಂದೇ ದಾರಿ ಎನ್ನುವುದು ನನಗಂತೂ ಅನುಕೂಲವಾಗಿದೆ. ಈ ಕಾಲದಲ್ಲಿ ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡುವವರು ಇನ್ನೆಲ್ಲಿ ಸಿಗುತ್ತಾರೆ?

ನನ್ನ ಮೊಮ್ಮಗಳು ಕವನಳಿಗೆ ಮದುವೆ ಗೊತ್ತಾಗಿದೆ. ಮೇ ೨೧, ಬುಧವಾರ, ನಮ್ಮ ಗುಡಿಯಲ್ಲೇ. ಹುಡುಗ ಚನ್ನಪಟ್ಟಣದವನು, ಮರದ ಬೊಂಬೆಗಳಿಗೆ ಅರಗಿನ ಬಣ್ಣ ಹಾಕುವ ಕೆಲಸ. ಒಳ್ಳೆಯವನು, ಕಡಿಮೆ ಮಾತಿನವನು. ಕವನ ಕೇಳಿರುವುದು ಒಂದೇ. ಪೂಜೆ ಮುಗಿದು ಗುಡಿಯಿಂದ ಆಚೆ ಬರುವಾಗ 'ಹದಿನಾಲ್ಕು' ಹಾಡಬೇಕು.

ನಿನಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ನಿಮ್ಮ ಮದರ್ ಓದಿದ ಮೇಲೆ ತಾನೇ ಕಾಗದ ನಿನ್ನ ಕೈಗೆ ಬರುವುದು? ಅವರಿಗೂ ತಿಳಿಯಲಿ. ನಮ್ಮ ತಂದೆ ಚೌರಪ್ಪ ಈ ಊರಿನ ಉಪದೇಶಿ, ಗುಡಿಯಲ್ಲಿ ಜಪ ಹಾಡು ಹೇಳಿಕೊಡುವವರು, ಆಗಿದ್ದರು. ಫ್ರೆಂಚ್ ಸ್ವಾಮಿಗಳು ಬಾಯಲ್ಲಿ ಹೇಳಿಕೊಟ್ಟ ಲ್ಯಾಟಿನ್ ಹಾಡುಗಳನ್ನು ಅವರು ಕನ್ನಡ ಅಕ್ಷರದಲ್ಲಿ ಬರೆದುಕೊಂಡರು. ಹೆಸರಿಲ್ಲ, ಬರೀ ನಂಬರು, ಒಂದರಿಂದ ಇಪ್ಪತ್ತೆರಡು. ಅರವತ್ತರ ದಶಕದಲ್ಲಿ ಪೂಜೆ ಕನ್ನಡಕ್ಕೆ ಬಂದಾಗ ಉಳಿದ ಇಪ್ಪತ್ತೊಂದು ಹೋದವು. ನಾನು ಅದಕ್ಕೆ ಸಂತೋಷಪಟ್ಟವನು, ಆಮೇಲೆ ಬೆಂಗಳೂರಿನ ಗುಡಿಗಳಲ್ಲೂ ಕನ್ನಡ ಪೂಜೆ ಬೇಕೆಂದು ಧರಣಿ ಕೂತವನು. ಆದರೆ ಹದಿನಾಲ್ಕನ್ನು ಮಾತ್ರ ಜನ ಬಿಡಲಿಲ್ಲ. ಮದುಮಕ್ಕಳು ಬಾಗಿಲು ದಾಟುವಾಗ ಅದು ಇಲ್ಲದಿದ್ದರೆ ನಮ್ಮೂರಲ್ಲಿ ಮದುವೆ ಆದಂತೆಯೇ ಅಲ್ಲ. ನನ್ನ ಮದುವೆಯಲ್ಲಂತೂ ಮದುಮಗನಾದ ನಾನೇ ಹಾಡಿಕೊಂಡು ಆಚೆ ಬಂದೆ. ನಿಮ್ಮ ಅಕ್ಕನ ಮದುವೆಯಲ್ಲಿ ನೀನು ಎರಡನೇ ಸಾಲಿನಲ್ಲಿ ನಿಂತು ಹಾಡಿದ್ದೆ.

ಈಗ ಹೋದ ಜೂನಿನಲ್ಲಿ ಬಂದಿರುವ ಫಾದರ್ ಸಹಾಯರಾಜ್ ಬೇಡ ಅನ್ನುತ್ತಾರೆ.

"ಮದುವೆಗೆ ಬೇರೆ ಯಾವುದಾದ್ರೂ ಹಾಡೋಣ ಮೇಷ್ಟ್ರೇ" ಅಂದರು.

"ಯಾಕೆ ಫಾದರ್? ಲ್ಯಾಟಿನ್ ಅಂತಲಾ?"

"ಲ್ಯಾಟಿನ್ ನನಗೂ ಇಷ್ಟಾನೇ. ಅದೊಂದು ಬೇಡ. ಕಾಫಿ ತಗೊಳ್ಳಿ."

ಕಾರಣ ಹೇಳಲಿಲ್ಲ. ಕಾಫಿ ಮುಟ್ಟದೆ ಎದ್ದು ಬಂದೆ. ಕೀಬೋರ್ಡಿನ ಗುಂಡಿ ಒತ್ತಿದರೆ ತಾನಾಗಿಯೇ ತಮಟೆ ಬಾರಿಸುವ ಕಾಲದಲ್ಲಿ, ಅರ್ಥ ತಿಳಿಯದೆ ಬಾಯಿ ಆಡಿಸುವ ನನ್ನ ಹಾಡುಗಾರರ ನಡುವೆ, ಉಳಿದಿರುವ ಒಂದೇ ಹಳೆಯ ಹಾಡು ಇವರ ಕಣ್ಣಿಗೆ ಬಿತ್ತು.

ಅಪ್ಪನ ಪುಸ್ತಕದ ಆ ಪುಟವನ್ನು ಜೆರಾಕ್ಸ್ ಮಾಡಿಸಿ ಇದರ ಜೊತೆ ಇಟ್ಟಿದ್ದೇನೆ. ನಿಮ್ಮಲ್ಲಿ ದಿನವೂ ಲ್ಯಾಟಿನ್ ಹಾಡುತ್ತೀರಿ, ನಿನಗೆ ಆ ಭಾಷೆ ಚೆನ್ನಾಗಿ ಬರುತ್ತದೆ. ಅರ್ಥವನ್ನು ಒಳ್ಳೆಯ ಕನ್ನಡದಲ್ಲಿ ಬರೆದು ಕಳಿಸು. ಫಾದರ್ ಮುಂದೆ ಇಡುತ್ತೇನೆ. ಲಗ್ನಪತ್ರಿಕೆಯಲ್ಲೂ ಅಚ್ಚು ಹಾಕಿಸುವ ಆಸೆಯಿದೆ.

ನಿನ್ನ ಮೇಷ್ಟ್ರು,
ಇನ್ನಾಸಪ್ಪ


ಕನ್ಯಾಮಠ, ಕೋಟಗಿರಿ
೩೦ ಜನವರಿ ೨೦೨೫

ಪೂಜ್ಯ ಮೇಷ್ಟ್ರಿಗೆ ಮದಲೇನಳ ಸ್ತೋತ್ರ.

'ನೀನು' ಎಂದೇ ಬರೆಯಿರಿ. ಇಲ್ಲಿ ನನ್ನನ್ನು ಹಾಗೆ ಕರೆಯುವವರು ಯಾರೂ ಇಲ್ಲ, ಓದಿದಾಗ ಊರಿಗೆ ಹೋಗಿ ಬಂದಂತಾಯಿತು. ಕವನಳಿಗೆ ಮದುವೆ ಎಂದರೆ ನಂಬಲಾಗುತ್ತಿಲ್ಲ. ನಾನು ಹೊರಡುವಾಗ ಅವಳು ಗುಡಿಯ ಜಗಲಿಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದಳು.

ನಿಮ್ಮ ತಂದೆಯವರ ಅಕ್ಷರ ನೋಡಿ ಕಣ್ಣು ತುಂಬಿತು. ದನಿ ಎಲ್ಲಿ ಏರಬೇಕೋ ಅಲ್ಲಿ ಅಕ್ಷರವನ್ನೂ ಒಂದಿಷ್ಟು ಮೇಲಕ್ಕೆ ಬರೆದಿದ್ದಾರೆ. ಒಂದು ಅಕ್ಷರವೂ ಕಳೆದಿಲ್ಲ. ಹಾಡಿನಲ್ಲಿ ದೇವದೂತರು ಬರುತ್ತಾರೆ, ಸ್ವರ್ಗ ಬರುತ್ತದೆ. ಪೂರ್ತಿ ಅರ್ಥವನ್ನು ನಿಧಾನವಾಗಿ ನೋಡಿ ಬರೆಯಬೇಕು. ಲಗ್ನಪತ್ರಿಕೆಗೆ ಈಗಲೇ ಕೊಡಬೇಡಿ.

ಮೇಷ್ಟ್ರೇ, ಒಂದು ಮಾತು. ಫಾದರ್ ಕಾರಣವಿಲ್ಲದೆ ಬೇಡ ಅಂದಿರಲಾರರು. ಮಾತೆ ಮರಿಯಮ್ಮನವರ ಮೇಲೆ ನಮ್ಮ ಕನ್ನಡದಲ್ಲೇ ಎಷ್ಟು ಒಳ್ಳೆಯ ಹಾಡುಗಳಿವೆ. ಅದರಲ್ಲೊಂದನ್ನು ಹಾಡಿದರೆ ಕವನಳಿಗೆ ಕಡಿಮೆಯಾಗುತ್ತದೆಯೇ?

ನಮಗೆ ತಿಂಗಳಿಗೊಂದೇ ಕಾಗದ. ವಿಭೂತಿ ಬುಧವಾರದಿಂದ ಈಸ್ಟರಿನವರೆಗೆ, ಉಪವಾಸದ ಕಾಲದಲ್ಲಿ, ಅದೂ ಇಲ್ಲ. ಬಂದ ಕಾಗದಗಳು ಬಾಗಿಲ ಬಳಿಯ ಪೆಟ್ಟಿಗೆಯಲ್ಲೇ ಇರುತ್ತವೆ. ನಾನು ಸುಮ್ಮನಿದ್ದರೆ ತಪ್ಪು ತಿಳಿಯಬೇಡಿ.

ಮದಲೇನ


ಜೋಜಪ್ಪನದೊಡ್ಡಿ
೧೪ ಫೆಬ್ರವರಿ ೨೦೨೫

ಗೌರವಾನ್ವಿತ ಸಿಸ್ಟರ್ ಮದಲೇನರವರಿಗೆ,

ತಮ್ಮ ಪತ್ರ ತಲುಪಿತು. ತಾವು ಒಂದು ಪುಟದಲ್ಲಿ ಮೂರು ಸಲ ಫಾದರ್ ಪರವಾಗಿ ವಾದಿಸಿದ್ದೀರಿ. ಎಣಿಸಿದ್ದೇನೆ. ಹತ್ತು ಸಾಲಿನ ಹಾಡಿನ ಅರ್ಥ ಬರೆಯಲು ತಮಗೆ ಸಮಯ ಬೇಕಂತೆ. ಯಾಜಕರೂ ಕನ್ಯಾಸ್ತ್ರೀಯರೂ ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ ಎನ್ನುವುದನ್ನು ನಾನು ಇಷ್ಟು ವರ್ಷದಿಂದ ನೋಡುತ್ತಾ ಬಂದಿದ್ದೇನೆ. ತಾವು ಬೇರೆ ಎಂದುಕೊಂಡಿದ್ದೆ.

ತಮ್ಮ ಸಲಹೆಗೆ ಕಾಯದೆ ಪತ್ರಿಕೆ ಅಚ್ಚಾಗಿದೆ. ಹಿಂಬದಿಯಲ್ಲಿ ಹದಿನಾಲ್ಕನೆಯ ಹಾಡು ಕನ್ನಡ ಅಕ್ಷರದಲ್ಲಿದೆ, ಸುತ್ತ ಗುಲಾಬಿ ಬಣ್ಣದ ದೇವದೂತರು. ಅಚ್ಚು ಹಾಕಿದ್ದು ಚನ್ನಪಟ್ಟಣದ ಮುಜಾಮಿಲ್. ಪ್ರೂಫು ನೋಡುವಾಗ ಆತ ಕೇಳಿದ, "ಸಾರ್, ಓದೋಕ್ ಬತ್ತದೆ, ಅರ್ಥ ಆಗಾಕಿಲ್ಲ. ಏನಿದು?"

ತಮ್ಮ ಪತ್ರದಿಂದ ಸಿಕ್ಕಿದಷ್ಟನ್ನೇ ಹೇಳಿದೆ. "ದೇವದೂತರು ಮದುಮಕ್ಕಳನ್ನ ಸ್ವರ್ಗಕ್ಕೆ ಕರ್ಕೊಂಡು ಹೋಗಲಿ ಅಂತ."

"ಮದುವೆ ದಿನವೇ ಸ್ವರ್ಗಕ್ಕಾ? ಒಸಿ ವರ್ಷ ಸಂಸಾರ ಮಾಡ್ಲಿ ಬುಡಿ ಸಾರ್."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದ ನಾನು ಪ್ರೂಫಿಗೆ ಸಹಿ ಹಾಕಿ ಆಚೆ ಬಂದೆ. ಆ ಅವಮಾನ ತಮ್ಮಿಂದ ಆದದ್ದು.

ಬಿಷಪರಿಗೆ ಬರೆಯುವ ಅರ್ಜಿಯ ಕರಡು ಸಿದ್ಧವಿದೆ. ಅರ್ಥ ತಿಳಿಯದವರು ಪರಂಪರೆಯ ಮೇಲೆ ಕೈ ಹಾಕಬಾರದು ಎಂಬ ಮಾತನ್ನು ಅದರಲ್ಲಿ ಸೇರಿಸಿದ್ದೇನೆ. ಈಸ್ಟರ್ ಆದ ಮೇಲೆ ಕಳಿಸುತ್ತೇನೆ.

ಇತಿ,
ಸಿ. ಇನ್ನಾಸಪ್ಪ, ನಿವೃತ್ತ ಶಿಕ್ಷಕ


ಕೋಟಗಿರಿ
೩ ಮಾರ್ಚ್ ೨೦೨೫

ಪೂಜ್ಯ ಮೇಷ್ಟ್ರಿಗೆ,

ನಾಳಿದ್ದು ವಿಭೂತಿ ಬುಧವಾರ. ಈಸ್ಟರಿಗೆ ಮುಂಚೆ ಇದು ನನ್ನ ಕೊನೆಯ ಕಾಗದ, ಆದ್ದರಿಂದ ಸುತ್ತಿ ಬಳಸಿ ಬರೆಯುವುದಿಲ್ಲ.

ಹದಿನಾಲ್ಕು ಮದುವೆಯ ಹಾಡಲ್ಲ. ಸತ್ತವರಿಗಾಗಿ ಪೂಜೆ ಮುಗಿದ ಮೇಲೆ ಶವಪೆಟ್ಟಿಗೆಯನ್ನು ಗುಡಿಯಿಂದ ಗೋರಿಯ ಕಡೆಗೆ ಹೊತ್ತು ಹೋಗುವಾಗ ಹಾಡುವುದು. ದೇವದೂತರು ಕರೆದುಕೊಂಡು ಹೋಗಲಿ ಎನ್ನುವುದು ತೀರಿಕೊಂಡವರನ್ನು. ಇಲ್ಲಿ ಹದಿನಾಲ್ಕು ವರ್ಷಗಳಲ್ಲಿ ಒಂಬತ್ತು ಜನ ಸಿಸ್ಟರುಗಳನ್ನು ಆ ಹಾಡಿನೊಂದಿಗೆ ಕಳಿಸಿಕೊಟ್ಟಿದ್ದೇವೆ.

ನನಗೆ ಗೊತ್ತಿತ್ತು, ಬರೆಯಲಾಗಲಿಲ್ಲ. ನಿಮ್ಮ ಮದುವೆ, ನಿಮ್ಮ ಮಗಳ ಮದುವೆ, ನನ್ನ ಅಕ್ಕನದು, ಊರಿನ ಎಲ್ಲರದೂ ಅದರಲ್ಲೇ ಆಗಿವೆ. ಇದನ್ನು ನಿಮಗೆ ಹೇಳುವ ಬಾಯಿ ನನ್ನದಾಗುವುದು ಬೇಡ ಅನ್ನಿಸಿತು. ಫಾದರ್ ಸಹಾಯರಾಜ್ ಅವರಿಗೂ ಹಾಗೇ ಅನ್ನಿಸಿರಬೇಕು. ದಯವಿಟ್ಟು ಬಿಷಪರಿಗೆ ಅರ್ಜಿ ಕಳಿಸಬೇಡಿ.

ನೀವು ನನ್ನನ್ನು ಬಹುವಚನದಲ್ಲಿ ಬೈದದ್ದು ಬಹಳ ನೋಯಿಸಿತು.

ಮದಲೇನ


ಜೋಜಪ್ಪನದೊಡ್ಡಿ
೧೭ ಮಾರ್ಚ್ ೨೦೨೫

ಮದಲೇನ,

ಈ ಕಾಗದ ಈಸ್ಟರಿನವರೆಗೆ ನಿಮ್ಮ ಬಾಗಿಲ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ ಎಂದು ಗೊತ್ತು. ಅದಕ್ಕೇ ಬರೆಯಲು ಧೈರ್ಯ ಬಂದಿದೆ.

ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಅಪ್ಪನ ಮೇಲೆ. ಒಂದು ವಾರ ಗುಡಿಯ ಕಡೆ ಹೋಗಲಿಲ್ಲ. ಭಾನುವಾರ ಹಾಡುಗಾರರು ನಾನಿಲ್ಲದೆ ಹಾಡಿದರು. ಮನೆಯವರೆಗೂ ಕೇಳಿಸಿತು. ಚೆನ್ನಾಗಿಯೇ ಹಾಡಿದರು, ಅದಕ್ಕೂ ಸಿಟ್ಟು ಬಂತು.

ಈಗ ನಿನಗೂ ಗೊತ್ತಿಲ್ಲದ ಒಂದು ಸಂಗತಿ ಬರೆಯುತ್ತೇನೆ. ನನ್ನ ಹೆಂಡತಿ ಜ್ಞಾನಮ್ಮ ೨೦೦೯ರಲ್ಲಿ ತೀರಿಕೊಂಡಳಲ್ಲ, ಅದಕ್ಕೆ ಒಂದು ವಾರ ಮುಂಚೆ ಹೇಳಿದಳು. "ನನ್ನ ಎತ್ಕಂಡ್ ಹೋಗುವಾಗ ಹದಿನಾಲ್ಕು ಹಾಡ್ಸಿ ಕಣ್ರೀ."

"ಮದುವೆ ಹಾಡನ್ನ ಅಲ್ಲಿ ಹಾಡ್ತಾರೇನೇ? ಹಾಡಿಗೆ ಒಂದು ಅರ್ಥ ಅಂತ ಇರೋದಿಲ್ವಾ?" ಎಂದು ಗದರಿದೆ.

"ನಂಗ್ ಅದೇ ಬೇಕು ಅನ್ಸತ್ತೆ" ಎಂದು ಗೋಡೆಯ ಕಡೆ ತಿರುಗಿಕೊಂಡಳು. ಮತ್ತೆ ಕೇಳಲಿಲ್ಲ. ನಾನು ಹಾಡಿಸಲೂ ಇಲ್ಲ. ಗಂಟೆ ಹೊಡೆದು ಸುಮ್ಮನೆ ಹೊತ್ತೊಯ್ದೆವು.

ಅವಳಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಹೈಸ್ಕೂಲನ್ನೂ ನೋಡಿದವಳಲ್ಲ. ಅವಳು ಕೇಳಿದ್ದು ಸರಿಯಾಗಿತ್ತು. ಅರ್ಥ ಗೊತ್ತಿದೆ ಎಂದುಕೊಂಡ ನಾನು ಇಲ್ಲ ಅಂದೆ.

ಅರ್ಜಿಯ ಕರಡನ್ನು ಹರಿದು ಒಲೆಗೆ ಹಾಕಿದ್ದೇನೆ.

ಇನ್ನಾಸಪ್ಪ


ಜೋಜಪ್ಪನದೊಡ್ಡಿ
೯ ಏಪ್ರಿಲ್ ೨೦೨೫

ಪ್ರೀತಿಯ ಮದಲೇನ,

ಇದೂ ಪೆಟ್ಟಿಗೆಗೇ. ಬರೆಯದೆ ಇರಲಾಗಲಿಲ್ಲ.

ಸವೇರಮ್ಮನನ್ನು ನೋಡಲು ಹೋಗಿದ್ದೆ. ಎಂಬತ್ತಾರು ವರ್ಷ, ಊರಿನಲ್ಲಿ ನನಗಿಂತ ಹಳೆಯ ನೆನಪಿರುವವಳು ಅವಳೊಬ್ಬಳೇ. ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಹದಿನಾಲ್ಕು ಮೊದಲು ಯಾವಾಗ ಹಾಡಿದ್ದು ನೆನಪಿದೆಯಾ ಎಂದೆ.

"ಐತಲ್ಲ. ಫ್ರೆಂಚ್ ಸ್ವಾಮ್ಯೋರು ಸತ್ತಾಗ. ಅವ್ರನ್ನ ಹೊತ್ಕಂಡ್ ಹೋಗೋವಾಗ ನಿಮ್ಮಪ್ಪ ಹಾಡ್ದ."

೧೯೫೮. ನನಗೆ ಒಂಬತ್ತು ವರ್ಷ. ಮೈಯೆಲ್ಲ ಅಮ್ಮ ಎದ್ದು ಮನೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ನನ್ನ ನೆನಪಿನ ಬಗ್ಗೆ ನನಗೆ ಎಷ್ಟು ಹೆಮ್ಮೆ ನಿನಗೆ ಗೊತ್ತು. ಆ ಒಂದು ದಿನ ಮಾತ್ರ ನಾನು ಅಲ್ಲಿರಲಿಲ್ಲ. ಅದಕ್ಕೆ ಮುಂಚೆ ಊರಿನಲ್ಲಿ ಯಾರಿಗೂ ಅದನ್ನು ಹಾಡಿರಲಿಲ್ಲವಂತೆ. ಬಡವರ ಸಾವಿಗೆ ಹಾಡಿನ ಪೂಜೆ ಇರಲಿಲ್ಲ. ಗಂಟೆ, ಎರಡು ಮೇಣದ ಬತ್ತಿ, ಮಣ್ಣು.

"ಮದುವೆಗೆ ಹೆಂಗ್ ಬಂತು ಮತ್ತೆ?" ಎಂದೆ.

"ನಾನೇ ಕೇಳ್ದೆ ಕಣಪ್ಪ. ನಂಗ್ ಅಪ್ಪ ಅವ್ವ ಇರ್ಲಿಲ್ಲ, ಸಾಕಿದ್ದು ಸ್ವಾಮ್ಯೋರು. ಅವ್ರು ಹೋಗಿ ಮೂರ್ ತಿಂಗ್ಳಿಗೆ ನನ್ ಮದ್ವೆ. ಕೈ ಹಿಡ್ದು ಆಚೆ ಕರ್ಕಂಡ್ ಬರಾಕೆ ಯಾರೂ ಇಲ್ಲ. ಚೌರಪ್ಪಣ್ಣ, ಸ್ವಾಮ್ಯೋರ್ ಜತೆ ಹೋದ ಹಾಡ್ನೇ ನಂಗೂ ಹಾಡ್ಬುಡಣ್ಣ ಅಂದೆ. ಹಾಡ್ದ. ಅದ ಕೇಳಿ ಮುಂದಿನ್ ಮದ್ವೆ ಹೆಣ್ಣು ನಂಗೂ ಬೇಕು ಅಂದ್ಲು. ಅಷ್ಟೇಯ."

"ಅಲ್ಲ ಸವೇರಮ್ಮ, ಇಷ್ಟ್ ವರ್ಷದಿಂದ ನಾನೇ ಹಾಡಿಸ್ತಾ ಇದ್ದೀನಿ. ಒಂದು ಮಾತು ಹೇಳಬಾರದಿತ್ತಾ?"

"ನೀನ್ ಕೇಳ್ಲಿಲ್ವಲ್ಲ. ನೀನು ಮೇಷ್ಟ್ರು, ನಿಂಗ್ ಗೊತ್ತಿರ್ತದೆ ಅನ್ಕಂಡಿದ್ದೆ."

ಅಲ್ಲಿಂದ ನೇರವಾಗಿ ಫಾದರ್ ಸಹಾಯರಾಜ್ ಮನೆಗೆ ಹೋದೆ. ಈ ಸಲ ನಾನೇ ಕಾಫಿ ಕೇಳಿದೆ. ನಿಮಗೆ ಮೊದಲೇ ಗೊತ್ತಿತ್ತಾ ಎಂದು ವಿಚಾರಿಸಿದೆ.

"ಬಂದ ಮೇಲೆ ನಡೆದ ಮೊದಲ ಮದುವೆಯಲ್ಲೇ ಗೊತ್ತಾಯ್ತು. ಹಾಡು ಶುರುವಾದಾಗ ಬಲಿಪೀಠದ ಕಡೆ ತಿರುಗಿ ನಗು ತಡ್ಕೊಂಡೆ. ಮತ್ತೆ ಇತ್ತ ತಿರುಗಿದರೆ ಎಲ್ಲರ ಕಣ್ಣಲ್ಲೂ ನೀರು. ನಾಚಿಕೆ ಆಯ್ತು."

"ಕಾರಣ ಹೇಳಿದ್ರೆ ಆಗ್ತಿತ್ತಲ್ಲ?"

"ನಿಮ್ಮ ತಂದೆಯವರ ಪುಸ್ತಕದಲ್ಲಿ ತಪ್ಪಾಗಿದೆ ಅಂತ ನಿಮಗೆ ಹೇಳೋಕೆ ನಾನ್ಯಾರು? ನೀವು ನನ್ನ ಬೈದ್ಕೊಂಡು ಹೋದ್ರೆ ಅಷ್ಟಕ್ಕೇ ಮುಗಿಯುತ್ತೆ ಅನ್ಕೊಂಡೆ."

ನಾನು ಬೈದದ್ದು ಸಣ್ಣದಲ್ಲ, ಮದಲೇನ. ಹಾಲಿನ ಡೈರಿಯ ಮುಂದೆ, ಬಸ್ ಸ್ಟಾಪಿನಲ್ಲಿ, ಸಿಕ್ಕವರ ಹತ್ತಿರವೆಲ್ಲ ಬೈದಿದ್ದೆ. ನನ್ನ ಮಗನ ವಯಸ್ಸಿನ ಫಾದರ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಜ್ಞಾನಮ್ಮ ಕೇಳಿದ್ದನ್ನೂ ನಾನು ಇಲ್ಲ ಅಂದದ್ದನ್ನೂ ಅವರಿಗೆ ಹೇಳಿದೆ. ಅವರು ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಹಾಕಿದರು.

ಕೊನೆಗೆ ಕವನಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅಜ್ಜಿಯ ವಿಷಯವನ್ನೂ. ಹಾಡಿನ ಅರ್ಥಕ್ಕೆ ಬಂದಾಗ ಅವಳು, "ಗೊತ್ತು ತಾತ, ಫೋನಲ್ಲಿ ಹುಡುಕಿದ್ರೆ ಬರುತ್ತೆ. ಕಾಲೇಜಲ್ಲಿದ್ದಾಗಲೇ ನೋಡಿದ್ದೆ" ಅಂದಳು.

"ಗೊತ್ತಿದ್ದೂ ಬೇಕು ಅಂದೆಯಾ?"

"ಅಮ್ಮ, ಅಜ್ಜಿ ಎಲ್ಲ ಅದರಲ್ಲೇ ಆಚೆ ಬಂದ್ರಲ್ಲ."

ಅಂದರೆ ಫಾದರಿಗೆ ಗೊತ್ತು, ನಿನಗೆ ಗೊತ್ತು, ಸವೇರಮ್ಮನಿಗೆ ಗೊತ್ತು, ನನ್ನ ಮೊಮ್ಮಗಳಿಗೂ ಗೊತ್ತು. ಎಲ್ಲರೂ ಸೇರಿ ಈ ಮುದುಕನನ್ನು ಗಾಜಿನ ಲೋಟದ ಹಾಗೆ ಇಟ್ಟುಕೊಂಡಿದ್ದೀರಿ. ಇದರ ಬಗ್ಗೆ ನನಗೆ ತೀವ್ರ ಆಕ್ಷೇಪಣೆ ಇದೆ. ಕೃತಜ್ಞತೆಯೂ ಇದೆ. ಯಾವುದನ್ನು ಮೊದಲು ಬರೆಯಬೇಕೋ ತಿಳಿಯುತ್ತಿಲ್ಲ.

ಮದುವೆಗೆ ಹದಿನಾಲ್ಕು ಬೇಡ ಎಂದು ತೀರ್ಮಾನಿಸಿದ್ದೇನೆ. ಹೆಂಡತಿಯ ಸಾವಿಗೆ ಇಲ್ಲ ಅಂದವನು ಮೊಮ್ಮಗಳ ಮದುವೆಗೆ ಯಾವ ಬಾಯಲ್ಲಿ ಹಾಡಿಸಲಿ? ಕನ್ನಡದ ಮರಿಯಮ್ಮನ ಹಾಡು ಅಭ್ಯಾಸ ಮಾಡಿಸುತ್ತಿದ್ದೇನೆ. ಕವನ "ಆಯ್ತು ತಾತ, ನೀವು ಹೇಳ್ದಂಗೆ" ಎಂದು ತಕ್ಷಣ ಒಪ್ಪಿಬಿಟ್ಟಳು. ಅವಳು ಯಾವುದನ್ನೂ ಅಷ್ಟು ಸುಲಭವಾಗಿ ಒಪ್ಪುವವಳಲ್ಲ. ಮನಸ್ಸಿಗೆ ನೋವಾಗಿದೆ ಅಂತ ಕಾಣುತ್ತದೆ.

ನಿನ್ನ ಮೇಷ್ಟ್ರು,
ಇನ್ನಾಸಪ್ಪ


ಕೋಟಗಿರಿ
೨೩ ಏಪ್ರಿಲ್ ೨೦೨೫

ಪ್ರೀತಿಯ ಮೇಷ್ಟ್ರಿಗೆ,

ಕ್ರಿಸ್ತರು ಎದ್ದಿದ್ದಾರೆ, ಅಲ್ಲೆಲೂಯ. ನಿಮ್ಮ ಎರಡು ಕಾಗದಗಳೂ ಸೋಮವಾರ ಒಟ್ಟಿಗೆ ಸಿಕ್ಕವು. ನಮ್ಮ ಮದರ್ ತಮಿಳಿನವರು, ಕನ್ನಡ ಓದಲು ಬಾರದು. ನಿಮ್ಮ ಕಾಗದಗಳನ್ನು ನಾನೇ ಅವರಿಗೆ ಓದಿ ತಮಿಳಿನಲ್ಲಿ ಹೇಳಬೇಕು. ಫೆಬ್ರವರಿಯಲ್ಲಿ ನೀವು ನನ್ನನ್ನು ಬೈದದ್ದನ್ನೂ ನಾನೇ ಹೇಳಿದೆ, ಒಂದು ಪದವೂ ಬಿಡದೆ. "ನಿನ್ನ ಮೇಷ್ಟ್ರಿಗೆ ನಿನ್ನ ಮೇಲೆ ಬಹಳ ಪ್ರೀತಿ" ಅಂದರು. ಈ ಸಲದ್ದನ್ನು ಓದುವಾಗ ಜ್ಞಾನಮ್ಮನವರ ವಿಷಯ ಬಂದಲ್ಲಿ ನನಗೆ ಮುಂದೆ ಹೋಗಲಾಗಲಿಲ್ಲ. ಅವರು ಕಾದರು.

ಮಾರ್ಚಿನ ಕಾಗದದಲ್ಲಿ ಹದಿನಾಲ್ಕು ಮದುವೆಯ ಹಾಡಲ್ಲ ಎಂದು ಬರೆದಿದ್ದೆ. ಅದು ನಿಜ, ಆದರೆ ನನ್ನ ಮಟ್ಟಿಗೆ ಪೂರ್ತಿ ನಿಜವಲ್ಲ. ಇಲ್ಲಿಗೆ ಬಂದ ಮೇಲೆ ಮೊದಲ ಸಾವು ೨೦೧೧ರಲ್ಲಿ. ಎಲ್ಲರೂ ಅಳುತ್ತಿದ್ದರು. ಹಾಡು ಶುರುವಾಯಿತು, ನನ್ನ ಮುಖದಲ್ಲಿ ನಗು ಬಂದುಬಿಟ್ಟಿತು. ಅಕ್ಕನ ರೇಷ್ಮೆ ಸೀರೆ, ಬ್ಯಾಂಡ್ ಸೆಟ್ಟು, ನೀವು ಎತ್ತಿದ ಬಲಗೈ, ಎಲ್ಲ ಕಣ್ಣ ಮುಂದೆ ಬಂತು. ಅಂದು ಬೈಸಿಕೊಂಡೆ. ಕಾರಣ ಯಾರಿಗೂ ಹೇಳಲಿಲ್ಲ. ಆಮೇಲಿನ ಎಂಟು ಸಾವುಗಳಲ್ಲೂ ಹಾಗೇ, ತಲೆಯ ಮೇಲಿನ ಬಟ್ಟೆ ಮುಂದಕ್ಕೆ ಎಳೆದುಕೊಂಡು ನಿಲ್ಲುತ್ತೇನೆ. ಸಾವಿಗೆ ಹೆದರುವವರ ನಡುವೆ ನಾನೊಬ್ಬಳು ಹೆದರದೆ ಇದ್ದೇನೆಂದರೆ ಅದು ನನ್ನ ಭಕ್ತಿಯಲ್ಲ, ನಿಮ್ಮ ಹಾಡುಗಾರಿಕೆ. ಇದನ್ನು ನಿಮಗೆ ಮೊದಲೇ ಬರೆಯಬೇಕಿತ್ತು.

ಹಾಡುವುದು ಬಿಡುವುದು ನಿಮಗೆ ಬಿಟ್ಟದ್ದು. ಕವನ ನೊಂದಿದ್ದಾಳೆ ಎಂದು ಮಾತ್ರ ನನಗೆ ಅನ್ನಿಸುವುದಿಲ್ಲ.

ಮದಲೇನ


ಜೋಜಪ್ಪನದೊಡ್ಡಿ
೨೩ ಮೇ ೨೦೨೫

ಪ್ರೀತಿಯ ಮದಲೇನ,

ಮೊನ್ನೆ ಮದುವೆ ಆಯಿತು. ಊಟಕ್ಕೆ ಸಾರು ಸ್ವಲ್ಪ ಉಪ್ಪಾಗಿತ್ತು, ಉಳಿದದ್ದೆಲ್ಲ ಚೆನ್ನಾಗಿತ್ತು.

ಪೂಜೆ ಮುಗಿಯಿತು. ಮದುಮಕ್ಕಳು ಬಾಗಿಲ ಕಡೆ ನಡೆದರು. ನಾನು ಹಾಡಿನ ಪುಸ್ತಕ ತೆರೆದು, ಮರಿಯಮ್ಮನ ಹಾಡಿಗೆ ಶ್ರುತಿ ಕೊಟ್ಟು, ಬಲಗೈ ಎತ್ತಿದೆ. ಹಾಡುಗಾರರೆಲ್ಲ ಒಟ್ಟಿಗೆ ಹದಿನಾಲ್ಕು ಎತ್ತಿಕೊಂಡರು.

ನನ್ನ ಕೈ ಮೇಲೆಯೇ ನಿಂತಿತು. ಹಾಡುಗಾರರಲ್ಲಿ ಒಬ್ಬರೂ ನನ್ನ ಕಡೆ ನೋಡಲಿಲ್ಲ. ಹೆಂಗಸರ ಬೆಂಚಿನಲ್ಲಿ ಸವೇರಮ್ಮ ಎದ್ದು ನಿಂತು ಹಾಡುತ್ತಿದ್ದಳು. ನಂತರ ಅವಳ ಹಿಂದಿನ ಬೆಂಚು, ಅದರ ಹಿಂದಿನದು, ಇದೇ ಹಾಡಿನಲ್ಲಿ ಈ ಬಾಗಿಲು ದಾಟಿದ ಹೆಂಗಸರೆಲ್ಲ. ಫಾದರ್ ಸಹಾಯರಾಜ್ ಮುಖ ನೋಡಿದೆ. ಅವರು ಚಾವಣಿ ನೋಡುತ್ತಾ ಹಾಡುತ್ತಿದ್ದರು. ಅಷ್ಟು ಜನರಲ್ಲಿ ಲ್ಯಾಟಿನ್ ಉಚ್ಚಾರಣೆ ಸರಿಯಾಗಿದ್ದದ್ದು ಅವರೊಬ್ಬರದೇ, ಅದೂ ನಮ್ಮ ಹೆಂಗಸರ ದನಿಯಲ್ಲಿ ಮುಳುಗಿಹೋಗಿತ್ತು.

ಬಾಗಿಲಾಚೆ ಎಡಕ್ಕೆ ಪೆಂಡಾಲು. ಬ್ಯಾಂಡಿನವರು ಅಲ್ಲಿ ತಯಾರಾಗಿ ನಿಂತಿದ್ದರು. ಕವನ ಮೆಟ್ಟಿಲಿಳಿದು ಗಂಡನ ಕೈ ಹಿಡಿದುಕೊಂಡು ಬಲಕ್ಕೆ ತಿರುಗಿದಳು. ಬಲಕ್ಕೆ ಗುಡಿಯ ಹಿಂದೆ ಏನಿದೆ ಎಂದು ನಿನಗೆ ಗೊತ್ತು. ಹುಡುಗ ಒಂದು ಮಾತೂ ಕೇಳದೆ ಜೊತೆಗೆ ನಡೆದ. ಹಾಡುಗಾರರು ಹಾಡು ನಿಲ್ಲಿಸದೆ ಹಿಂದೆ ಹೋದರು, ಹೆಂಗಸರು ಹೋದರು, ಫಾದರ್ ಹಬ್ಬದ ಬಿಳಿ ಅಂಗಿಯಲ್ಲೇ ಹೋದರು. ಬ್ಯಾಂಡ್ ಮೇಸ್ತ್ರಿಗೆ ಏನೂ ತಿಳಿಯದೆ, ಎರಡು ಸಲ ಕ್ಲಾರಿನೆಟ್ ಊದಿ ಸುಮ್ಮನಾದ. ಹಾಡು ಚಿಕ್ಕದು, ದಾರಿ ಉದ್ದ. ಮೂರು ಸಲ ಹಾಡಿದರು. ಮೂರನೆಯದು ಮುಗಿಯುವ ಹೊತ್ತಿಗೆ ಕವನ ಜ್ಞಾನಮ್ಮನ ಗೋರಿಯ ಮುಂದೆ ನಿಂತಿದ್ದಳು. ಕೊರಳಿನ ಹಾರ ತೆಗೆದು ಶಿಲುಬೆಗೆ ಹಾಕಿದಳು.

"ಅಜ್ಜಿ ಆಶೀರ್ವಾದ ತಗಂಡ್ಲು, ಒಳ್ಳೇ ಹೆಣ್ಣು" ಎಂದು ಹೆಂಗಸರು ಮಾತಾಡಿಕೊಂಡರು. ಅವರಿಗೆ ಅದು ಅಷ್ಟೇ, ಮದುವೆಯ ಹಾಡು ಒಂದಿಷ್ಟು ದೂರ ಹೋಗಿತ್ತು.

ಫಾದರ್ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಅಂದರು, "ಗುಡಿಯಿಂದ ಗೋರಿವರೆಗೆ ಹಾಡಬೇಕು ಅಂತ ಪೂಜೆ ಪುಸ್ತಕದಲ್ಲಿದೆ ಮೇಷ್ಟ್ರೇ. ಎಷ್ಟು ವರ್ಷದೊಳಗೆ ಅಂತ ಬರೆದಿಲ್ಲ."

"ನೀವೂ ಸೇರಿಕೊಂಡಿದ್ದಿರಾ?"

"ಅವಳು ಬಂದು ಕೇಳಿದಳು. ನಿಮ್ಮ ಮೊಮ್ಮಗಳಿಗೆ ಇಲ್ಲ ಅನ್ನೋಕೆ ನಿಮ್ಮ ಕೈಲೇ ಆಗಲ್ಲ, ನನ್ನ ಕೈಲಿ ಆಗುತ್ತಾ?"

ಅವರಿಗೆ ಕೈ ಮುಗಿದೆ. ಫಾದರ್ ನನ್ನ ಕೈಗಳನ್ನು ಹಿಡಿದು ಕೆಳಗಿಳಿಸಿದರು.

ನನ್ನ ದನಿ ಅಂದು ಏಳಲೇ ಇಲ್ಲ, ಮದಲೇನ. ನಲವತ್ತೆಂಟು ವರ್ಷ ಎಲ್ಲರಿಗೂ ಶ್ರುತಿ ಕೊಟ್ಟವನು ಎಲ್ಲರ ಹಿಂದೆ ಬಾಯಿ ಮುಚ್ಚಿಕೊಂಡು ನಡೆದೆ. ನಾನು ಹಾಡದೆ ಆ ಹಾಡನ್ನು ಬರೀ ಕೇಳಿದ್ದು ಅದೇ ಮೊದಲು. ಚೆನ್ನಾಗಿದೆ ಕಣಮ್ಮ. ತುಂಬಾ ಚೆನ್ನಾಗಿದೆ.

ನಿನ್ನ ಮೇಷ್ಟ್ರು,
ಇನ್ನಾಸಪ್ಪ